ಉಲ್ಲೇಖಗಳ ಲೆಕ್ಕಕ್ಕೆ ತಡವಾಗಿ ಸಿಕ್ಕ ಶಂಭುನಾಥ ಡೇ

ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಸಣ್ಣ ಕರುಳಿನ ಕೆಲವು ಅಂಗುಲದಷ್ಟು ಭಾಗವನ್ನು ಎರಡೂ ತುದಿಗಳಲ್ಲಿ ರೇಷ್ಮೆ ದಾರದಿಂದ ಬಿಗಿಯಾಗಿ ಕಟ್ಟಬೇಕು. ಕಟ್ಟಿದ ಭಾಗದೊಳಕ್ಕೆ ಸೂಜಿಯಿಂದ ಕಾಲರಾ ರೋಗಾಣುಗಳಿರುವ ದ್ರವವನ್ನು ಬಿಡಬೇಕು. ಕರುಳನ್ನು ಒಳಗಿಟ್ಟು ಹೊಲಿದು ಒಂದು ದಿನ ಕಾಯಬೇಕು. ಮಾರನೆಯ ದಿನ ಮತ್ತೆ ತೆರೆದರೆ ಕಟ್ಟಿದ ತುಂಡು ನೀರು ತುಂಬಿ ಬಿಗಿದುಕೊಂಡಿರುತ್ತಿತ್ತು. ರೋಗಾಣುಗಳಿಲ್ಲದ ದ್ರವ ಬಿಟ್ಟ ಪಕ್ಕದ ತುಂಡು ಹೇಗಿತ್ತೋ ಹಾಗೇ ಇರುತ್ತಿತ್ತು. ಕಾಲರಾ ರೋಗಿಯ ಮೈಯಿಂದ ಅಕ್ಕಚ್ಚಿನಂಥ ಭೇದಿಯಾಗಿ ಲೀಟರುಗಟ್ಟಲೆ ಹರಿದುಹೋಗುವ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊಲದ ಕರುಳಿನ ಆ ತುಂಡು ಕಣ್ಣೆದುರಿಗೆ ತೋರಿಸುತ್ತಿತ್ತು.

ಕೊಲ್ಕತ್ತದ ರೋಗಶಾಸ್ತ್ರಜ್ಞ ಶಂಭುನಾಥ ಡೇ ಈ ಪ್ರಯೋಗವನ್ನು ಸಹೋದ್ಯೋಗಿ ಡಿ.ಎನ್. ಚಟರ್ಜಿ ಅವರ ಜೊತೆ ಸೇರಿ 1953ರಲ್ಲಿ ಪ್ರಕಟಿಸಿದರು. ಆರು ವರ್ಷಗಳ ನಂತರ, 1959ರ ಮೇ 30ರ ‘ನೇಚರ್’ ಸಂಚಿಕೆಯಲ್ಲಿ ಅವರೊಬ್ಬರೇ ಬರೆದ ಇನ್ನೊಂದು ಪ್ರಬಂಧ ಬಂತು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ, ಆ ತಿಳಿಯನ್ನಷ್ಟೇ ಕರುಳಿನ ತುಂಡಿನೊಳಗೆ ಬಿಟ್ಟರೂ ಅದು ಹಾಗೆಯೇ ಉಬ್ಬುತ್ತದೆ ಎಂಬುದು ಅದರ ಸಾರ. ಅಂದರೆ ಭೇದಿಗೆ ಕಾರಣ ರೋಗಾಣು ಹೊರಬಿಡುವ ಒಂದು ವಿಷ. ಎರಡೇ ಪುಟಗಳಲ್ಲಿ ಮುಗಿದ ಬರಹವದು.

ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಗುರುತಿಸಿದ್ದೂ ಇದೇ ಕೊಲ್ಕತ್ತದಲ್ಲಿ, 1884ರಲ್ಲಿ. ರೋಗಾಣು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕು ಎಂದು ಕಾಖ್ ಆಗಲೇ ಊಹಿಸಿದ್ದರು. ಆದರೆ ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ಅದನ್ನು ಯಾರಿಗೂ ಖಚಿತವಾಗಿ ತೋರಿಸಲಾಗಲಿಲ್ಲ. ಬಹುಪಾಲು ಸಂಶೋಧಕರು ರೋಗಾಣುವಿನ ದ್ರವವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊರೆಯೊಳಕ್ಕೋ ಚುಚ್ಚಿ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಕಾಯಿಲೆ ನಡೆಯುವುದು ಕರುಳಿನ ಒಳಗೆ, ಹಾಗಾಗಿ ಹುಡುಕಬೇಕಾದದ್ದೂ ಅಲ್ಲೇ ಎಂದು ಹಿಡಿದ ಪಟ್ಟು ಡೇ ಅವರದು. ಅದೇ 1959ರಲ್ಲಿ ಮುಂಬೈಯ ಹಾಫ್ಕಿನ್ ಸಂಸ್ಥೆಯ ಎನ್.ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳ ಮೇಲೆ ಬೇರೆಯೇ ವಿಧಾನದಲ್ಲಿ ಪ್ರಯೋಗ ಮಾಡಿ ಇದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಷ್ಟು ದೊಡ್ಡ ಶೋಧಕ್ಕೆ ವೈದ್ಯಲೋಕ ಎದ್ದು ಕೂರಬೇಕಿತ್ತು. ಹಾಗಾಗಲಿಲ್ಲ. ಮೊದಲ ಕೆಲವು ವರ್ಷ ಆ ಪ್ರಬಂಧವನ್ನು ಗಮನಿಸಿದವರೇ ಕಡಿಮೆ. ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಬೇಕಾದ ಸಲಕರಣೆಗಳು ಡೇ ಅವರ ಕೈಯಲ್ಲಿರಲಿಲ್ಲ. ಆ ಕೆಲಸವನ್ನು 1969ರಲ್ಲಿ ಅಮೆರಿಕದ ರಿಚರ್ಡ್ ಫಿಂಕೆಲ್‌ಸ್ಟೀನ್ ಮತ್ತು ಜೋಸೆಫ್ ಲೋಸ್ಪಲ್ಲುಟೊ ಮುಗಿಸಿದರು. ಡೇ ಪಾಠ ಮಾಡುತ್ತ, ಇಲಾಖೆ ನಡೆಸುತ್ತ 1973ರಲ್ಲಿ ಕೊಲ್ಕತ್ತ ವೈದ್ಯಕೀಯ ಕಾಲೇಜಿನಿಂದ ನಿವೃತ್ತರಾದರು.

ಅವರು ಹಿಂದಕ್ಕೆ ಸರಿದಿದ್ದ ಆ ವರ್ಷಗಳಲ್ಲೇ ಅವರ ಪ್ರಬಂಧಗಳು ಮುಂದಕ್ಕೆ ಸಾಗುತ್ತಿದ್ದವು. ಕಾಲರಾ ವಿಷ ಕರುಳಿನ ಜೀವಕೋಶದೊಳಗೆ ಯಾವ ಗುಂಡಿ ಒತ್ತುತ್ತದೆ ಎಂದು ಹುಡುಕಹೊರಟವರು, ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯದಿಂದಾಗುವ ಭೇದಿಯನ್ನು ಅಭ್ಯಾಸ ಮಾಡಿದವರು, ಜೀವಕೋಶಗಳ ಸಂಕೇತ ವ್ಯವಸ್ಥೆಯನ್ನು ಬಿಡಿಸಿದವರು ಎಲ್ಲರೂ ಒಂದಲ್ಲ ಒಂದು ಕಡೆ ಡೇ ಅವರ ಕೆಲಸವನ್ನು ಹೆಸರಿಸಲೇಬೇಕಾಯಿತು. ಮೊಲದ ಕರುಳಿನ ಆ ಪ್ರಯೋಗ ಪ್ರಪಂಚದ ಪ್ರಯೋಗಾಲಯಗಳಲ್ಲಿ ಮಾಮೂಲಿ ವಿಧಾನವಾಯಿತು.

ಇದನ್ನು ಅಂಕಿಯ ರೂಪದಲ್ಲಿ ಎತ್ತಿ ತೋರಿಸಿದವರು ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್. ಡೇ ತೀರಿಕೊಂಡದ್ದು 1985ರ ಏಪ್ರಿಲ್‌ನಲ್ಲಿ. ಮರುವರ್ಷದ ಏಪ್ರಿಲ್‌ನಲ್ಲಿ ಗಾರ್‌ಫೀಲ್ಡ್ ತಮ್ಮ ‘ಕರೆಂಟ್ ಕಂಟೆಂಟ್ಸ್’ ವಾರಪತ್ರಿಕೆಯಲ್ಲಿ ಕಾಲರಾ ಸಂಶೋಧನೆಯ ನಕ್ಷೆಯೊಂದನ್ನು ಬಿಡಿಸಿ, ಅದರಲ್ಲಿ ಕೊಲ್ಕತ್ತದ ಡೇ ಅವರ ಪ್ರಭಾವ ಎಂಥದೆಂದು ಒಂದು ಇಡೀ ಲೇಖನ ಬರೆದರು.

ಗಾರ್‌ಫೀಲ್ಡ್ ಯಾರೆಂದು ತಿಳಿಯದೆ ಇಂದಿನ ವಿಜ್ಞಾನಿಗಳ ಬದುಕು ಅರ್ಥವಾಗುವುದಿಲ್ಲ. ಯಾವುದೇ ಸಂಶೋಧನಾ ಪ್ರಬಂಧದ ಕೊನೆಯಲ್ಲಿ, ತಾನು ಯಾರ ಯಾರ ಕೆಲಸವನ್ನು ಆಧರಿಸಿದೆ ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯ ಒಂದೊಂದು ನಮೂದೂ ಒಂದು ಉಲ್ಲೇಖ. ಪಟ್ಟಿ ಹಿಂದಕ್ಕೆ ಮಾತ್ರ ನೋಡುತ್ತದೆ. ಇದನ್ನೇ ತಿರುವಿಹಾಕಿ, ಒಂದು ಪ್ರಬಂಧವನ್ನು ಆಮೇಲೆ ಯಾರ ಯಾರು ಬಳಸಿಕೊಂಡರು ಎಂದು ಮುಂದಕ್ಕೆ ನೋಡುವಂತಿದ್ದರೆ? ಐವತ್ತರ ದಶಕದ ಆರಂಭದಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಬರಹಗಳ ಸೂಚಿ ತಯಾರಿಸುವ ಯೋಜನೆಯಲ್ಲಿ ದುಡಿಯುತ್ತಿದ್ದ ಗಾರ್‌ಫೀಲ್ಡ್‌ಗೆ ಈ ಯೋಚನೆ ಹತ್ತಿತು. ಅಮೆರಿಕದ ವಕೀಲರ ಬಳಿ ಇಂಥದೊಂದು ವ್ಯವಸ್ಥೆ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದಿವೆ, ಯಾವುವು ತಳ್ಳಿಹಾಕಿವೆ ಎಂದು ತೋರಿಸುವ ‘ಶೆಪರ್ಡ್ಸ್’ ಸೂಚಿ ಅದು. ಅದೇ ಮಾದರಿಯನ್ನು ವಿಜ್ಞಾನಕ್ಕೆ ತರಬೇಕೆಂದು ಅವರು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1964ರ ಹೊತ್ತಿಗೆ ಅವರ ಸಂಸ್ಥೆಯ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಗ್ರಂಥಾಲಯಗಳಿಗೆ ಬರತೊಡಗಿತು. ಇಂದಿನ ‘ವೆಬ್ ಆಫ್ ಸೈನ್ಸ್’ ಅದರದೇ ಮುಂದುವರಿಕೆ. ಎಲ್ಸೆವಿಯರ್ ಸಂಸ್ಥೆಯ ‘ಸ್ಕೋಪಸ್’ ಮತ್ತು ಎಲ್ಲರಿಗೂ ಉಚಿತವಾಗಿ ಸಿಗುವ ‘ಗೂಗಲ್ ಸ್ಕಾಲರ್’ ಎರಡೂ 2004ರಲ್ಲಿ ಬಂದವು.

ಹುಡುಕುವವರಿಗೆ ದಾರಿ ತೋರಲೆಂದು ಹುಟ್ಟಿದ ಈ ಸೂಚಿ ಬಹುಬೇಗ ಮನುಷ್ಯರನ್ನು ಅಳೆಯುವ ಮಾಪನವಾಯಿತು. ತೊಡಕು ಶುರುವಾದದ್ದು ಇಲ್ಲಿಂದ.

ಈಗ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಎಚ್-ಇಂಡೆಕ್ಸ್. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಮುಂದಿಟ್ಟರು. ಲೆಕ್ಕ ಸುಲಭ. ಒಬ್ಬ ವೈದ್ಯ ಸಂಶೋಧಕಿ ಐದು ಪ್ರಬಂಧ ಬರೆದಿದ್ದಾರೆ, ಅವುಗಳಿಗೆ ಕ್ರಮವಾಗಿ 50, 20, 9, 4 ಮತ್ತು 1 ಉಲ್ಲೇಖ ಸಿಕ್ಕಿವೆ ಎಂದುಕೊಳ್ಳಿ. ಕನಿಷ್ಠ 4 ಉಲ್ಲೇಖ ಪಡೆದ ಪ್ರಬಂಧಗಳು ನಾಲ್ಕಿವೆ, ಕನಿಷ್ಠ 5 ಪಡೆದವು ಐದಿಲ್ಲ. ಆದ್ದರಿಂದ ಅವರ ಎಚ್-ಇಂಡೆಕ್ಸ್ 4. ಅದೃಷ್ಟಕ್ಕೆ ಒಂದೇ ಪ್ರಬಂಧ ಗೆದ್ದವರನ್ನೂ, ಯಾರೂ ಓದದ ನೂರು ಪ್ರಬಂಧ ಬರೆದವರನ್ನೂ ಇದು ಪಕ್ಕಕ್ಕೆ ಸರಿಸುತ್ತದೆ. ಸತತವಾಗಿ ಬಳಕೆಗೆ ಬರುವ ಕೆಲಸ ಮಾಡಿದವರಿಗೆ ಮನ್ನಣೆ ಕೊಡುತ್ತದೆ. ಅಷ್ಟರ ಮಟ್ಟಿಗೆ ಇದು ಒಳ್ಳೆಯ ಅಳತೆಯೇ. ಆದರೆ ಜೀವಮಾನದಲ್ಲಿ ಎರಡೇ ಪ್ರಬಂಧ ಬರೆದು, ಎರಡಕ್ಕೂ ಸಾವಿರ ಸಾವಿರ ಉಲ್ಲೇಖ ಪಡೆದವರ ಎಚ್-ಇಂಡೆಕ್ಸ್ ಬರೀ 2. ಒಂದು ರೋಗದ ತಿಳಿವಳಿಕೆಯನ್ನೇ ಬದಲಿಸಿದ ಕೆಲಸ ಈ ಅಂಕಿಯಲ್ಲಿ ಕಾಣುವುದಿಲ್ಲ.

ಜರ್ನಲ್ಲುಗಳನ್ನು ಅಳೆಯುವ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಕೂಡ ಗಾರ್‌ಫೀಲ್ಡ್ ಬಳಗದ್ದೇ ಸೃಷ್ಟಿ. ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಎಂಬುದೇ ಅದು. ಗ್ರಂಥಾಲಯಕ್ಕೆ ಯಾವ ಜರ್ನಲ್ ತರಿಸಬೇಕೆಂದು ನಿರ್ಧರಿಸಲು ಇದು ಉಪಯುಕ್ತ. ಆ ಜರ್ನಲ್ಲಿನಲ್ಲಿ ಬರೆದ ಮನುಷ್ಯನ ಯೋಗ್ಯತೆಯನ್ನು ಇದರಿಂದ ತೀರ್ಮಾನಿಸಲಾಗದು. ಎರಡು ವರ್ಷದ ಕಿಟಕಿಯಲ್ಲಿ ನೋಡಿದ್ದರೆ ಡೇ ಅವರ 1959ರ ಪ್ರಬಂಧ ಬಹುಶಃ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಉಲ್ಲೇಖಗಳ ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಶೋಧವೂ ದೊಡ್ಡದೇ? ‘ನೇಚರ್’ ಪತ್ರಿಕೆ 2014ರಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಮಾಡಿತು. ಮೊದಲ ಸ್ಥಾನದಲ್ಲಿದ್ದುದು 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಒಂದು ವಿಧಾನ. ಉಲ್ಲೇಖಗಳು ಮೂರು ಲಕ್ಷಕ್ಕೂ ಹೆಚ್ಚು. ಅದೇನೂ ತನ್ನ ಶ್ರೇಷ್ಠ ಕೆಲಸವಲ್ಲ ಎಂದು ಲೌರಿಯವರೇ ಒಪ್ಪಿಕೊಂಡಿದ್ದರು. ಡಿಎನ್ಎಯ ರಚನೆಯನ್ನು ಹೇಳಿದ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಪ್ರಬಂಧಕ್ಕೆ ಆ ನೂರರಲ್ಲಿ ಜಾಗವೇ ಇರಲಿಲ್ಲ. ವಿಧಾನ ಹೇಳಿಕೊಡುವ ಬರಹವನ್ನು ಬಳಸಿದವರೆಲ್ಲ ಹೆಸರಿಸುತ್ತಾರೆ. ಶೋಧ ಪಠ್ಯಪುಸ್ತಕಕ್ಕೆ ಸೇರಿದ ಮೇಲೆ ಮೂಲವನ್ನು ಹೆಸರಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ವಿಷಯದ ಹರವೂ ಅಂಕಿಯನ್ನು ಏರಿಳಿಸುತ್ತದೆ. ಇದಕ್ಕೆ ಮಲೆನಾಡೇ ಉದಾಹರಣೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಕಾಡಿಗೆ ಸೊಪ್ಪು-ಸೌದೆಗೆ ಹೋದವರು ಜ್ವರದಲ್ಲಿ ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಹೊಸ ವೈರಸ್ಸನ್ನೇ ಗುರುತಿಸಿತು. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಈ ಕಾಯಿಲೆಯ ಮೇಲೆ ಕೆಲಸ ಮಾಡುವ ಸಂಶೋಧಕರು ಪ್ರಪಂಚದಲ್ಲೇ ಕೆಲವರು, ಹಾಗಾಗಿ ಒಬ್ಬರ ಕೆಲಸವನ್ನು ಉಲ್ಲೇಖಿಸುವವರೂ ಕೆಲವರೇ. ಮಧುಮೇಹದ ಬಗ್ಗೆ ಬರೆದ ಸಾಧಾರಣ ಪ್ರಬಂಧಕ್ಕೆ ಸಿಗುವಷ್ಟು ಉಲ್ಲೇಖ ಮಂಗನ ಕಾಯಿಲೆಯ ಅತ್ಯುತ್ತಮ ಪ್ರಬಂಧಕ್ಕೂ ಸಿಗದಿರಬಹುದು. ಆದರೆ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಕಾಡಂಚಿನ ಮನೆಯವರಿಗೆ ಬೇಕಾದದ್ದು ಈ ಎರಡನೆಯದೇ. ಎಚ್-ಇಂಡೆಕ್ಸ್ ನೋಡಿಯೇ ಬಡ್ತಿ ಕೊಡುವುದಾದರೆ, ಬುದ್ಧಿವಂತ ಯುವ ವೈದ್ಯರು ಈ ಕಾಯಿಲೆ ಹರಡುವ ಉಣುಗಿನ ಹಿಂದೆ ಕಾಡು ಅಲೆಯುವ ಕೆಲಸಕ್ಕೆ ಬರಲಾರರು.

ನಮ್ಮ ಹೆಸರುಗಳದೂ ಒಂದು ಸಮಸ್ಯೆ. ಇನಿಷಿಯಲ್ ಮುಂದಿಟ್ಟ ಹೆಸರೇ ಕರ್ನಾಟಕದಲ್ಲಿ ವಾಡಿಕೆ. ಊರ ಹೆಸರು, ತಂದೆಯ ಹೆಸರು ಎರಡೂ ಅಕ್ಷರಗಳಾಗಿ ಕೂತಿರುತ್ತವೆ. ವಿದೇಶಿ ಜರ್ನಲ್ ಕುಲನಾಮ ಕೇಳುತ್ತದೆ. ಒಮ್ಮೆ ಮಂಜುನಾಥ ಎಚ್.ಎಸ್., ಇನ್ನೊಮ್ಮೆ ಎಚ್. ಮಂಜುನಾಥ, ಮತ್ತೊಮ್ಮೆ ಊರಿನ ಹೆಸರೇ ಕುಲನಾಮ. ಕಂಪ್ಯೂಟರಿಗೆ ಇವರು ಮೂವರು; ಉಲ್ಲೇಖಗಳೂ ಮೂರು ಪಾಲು. ಇದಕ್ಕೆ ತದ್ವಿರುದ್ಧವಾಗಿ ಎಸ್. ರಾವ್, ಎಸ್. ಕುಮಾರ್ ಎಂಬ ಹೆಸರಿನಡಿ ಹತ್ತಾರು ಬೇರೆ ಬೇರೆ ಜನರ ಕೆಲಸ ಒಟ್ಟಾಗಿ ಸೇರಿಬಿಡುತ್ತದೆ. 2012ರಿಂದ ಜಾರಿಯಲ್ಲಿರುವ ‘ಆರ್ಕಿಡ್’ ಎಂಬ ಹದಿನಾರು ಅಂಕಿಗಳ ಗುರುತಿನ ಸಂಖ್ಯೆ ಈ ಗೊಂದಲವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ನೋಂದಣಿ ಉಚಿತ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೊದಲ ಪ್ರಬಂಧಕ್ಕೆ ಮುಂಚೆಯೇ ಇದನ್ನು ಪಡೆದುಕೊಳ್ಳುವುದು ಮೇಲು.

ಅಂಕಿಯ ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಉಲ್ಲೇಖ ಹೊಗಳಿಕೆಯೋ ತೆಗಳಿಕೆಯೋ ಎಂಬುದು ಎಣಿಕೆಗೆ ಗೊತ್ತಾಗುವುದಿಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ತಂಡದ ಪ್ರಬಂಧ ‘ಲ್ಯಾನ್ಸೆಟ್’ನಲ್ಲಿ ಬಂದದ್ದು 1998ರಲ್ಲಿ. ಅಧ್ಯಯನಕ್ಕೆ ಒಳಗಾದ ಮಕ್ಕಳು ಬರೀ ಹನ್ನೆರಡು. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅದನ್ನು ಉಲ್ಲೇಖಿಸಿದ ಸಾವಿರಕ್ಕೂ ಹೆಚ್ಚು ಬರಹಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರ ಪ್ರಕಾರ ನೂರಕ್ಕೆ ಸುಮಾರು 73ರಷ್ಟು ಬರಹಗಳು ಅದನ್ನು ಖಂಡಿಸಿದ್ದವು. ಬರಿಯ ಸಂಖ್ಯೆಯನ್ನು ನೋಡಿದವರಿಗೆ ಅದೊಂದು ಭಾರಿ ಪ್ರಭಾವಶಾಲಿ ಪ್ರಬಂಧ.

ವೇಕ್‌ಫೀಲ್ಡ್ ಪ್ರಕರಣ ಎಲ್ಲರಿಗೂ ಗೊತ್ತು. ಕಡಿಮೆ ಜನರಿಗೆ ಗೊತ್ತಿರುವ, ಹೆಚ್ಚು ಹಾನಿ ಮಾಡಿದ ಇನ್ನೊಂದು ಬರಹವಿದೆ. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಗೆ ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷಲ್ ಜಿಕ್ ಒಂದು ಪತ್ರ ಬರೆದರು. ಇಡೀ ಪತ್ರಕ್ಕೆ ಐದೇ ವಾಕ್ಯ. ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದಾಗ ಅಫೀಮಿನ ಜಾತಿಯ (ಓಪಿಯಾಯ್ಡ್) ನೋವು ನಿವಾರಕ ಪಡೆದ 11,882 ಜನರ ದಾಖಲೆ ನೋಡಿದಾಗ, ಚಟಕ್ಕೆ ಬಿದ್ದದ್ದಕ್ಕೆ ಸರಿಯಾದ ದಾಖಲೆ ಸಿಕ್ಕಿದ್ದು ನಾಲ್ವರಲ್ಲಿ ಎಂಬುದು ಅವರ ವರದಿ. ಆಸ್ಪತ್ರೆಯೊಳಗೆ, ದಾದಿಯರ ಕಣ್ಣೆದುರು, ಕೆಲವು ದಿನಗಳಿಗಾಗಿ ಕೊಟ್ಟ ಔಷಧದ ಮಾತು ಅದು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದರಲ್ಲಿ ಒಂದು ಪದವೂ ಇರಲಿಲ್ಲ.

ತೊಂಬತ್ತರ ದಶಕದ ನಡುವೆ ಇದೇ ಜಾತಿಯ ‘ಆಕ್ಸಿಕಾಂಟಿನ್’ ಮಾತ್ರೆ ಮಾರುಕಟ್ಟೆಗೆ ಬಂದಾಗ ಈ ಪತ್ರಕ್ಕೆ ರೆಕ್ಕೆ ಮೂಡಿತು. ದೀರ್ಘಕಾಲದ ನೋವಿಗೂ ಈ ಔಷಧಗಳನ್ನು ನಿರ್ಭಯವಾಗಿ ಕೊಡಬಹುದು ಎನ್ನುವವರೆಲ್ಲ ಅದನ್ನು ಸಾಕ್ಷಿಯಾಗಿ ತೋರಿಸಿದರು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಮುಂದಿಟ್ಟರು: ಒಟ್ಟು 608 ಉಲ್ಲೇಖಗಳು, ಅವುಗಳಲ್ಲಿ 439, ಅಂದರೆ ಶೇ 72, ಚಟ ಅಪರೂಪ ಎಂಬುದಕ್ಕೆ ಅದನ್ನು ಪುರಾವೆಯಾಗಿ ಬಳಸಿದ್ದವು. ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಸಂಗತಿಯನ್ನು ಶೇ 80ರಷ್ಟು ಬರಹಗಳು ಹೇಳಲೇ ಇಲ್ಲ. ಐದು ವಾಕ್ಯಗಳನ್ನು ಓದುವಷ್ಟು ವ್ಯವಧಾನವಿಲ್ಲದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಹೋದರು. ಅಮೆರಿಕದಲ್ಲಿ ಲಕ್ಷಾಂತರ ಜನರ ಜೀವ ತೆಗೆದ ಓಪಿಯಾಯ್ಡ್ ಪಿಡುಗಿನ ಹಿಂದಿನ ಕಾರಣಗಳಲ್ಲಿ ಈ ಓದದ ಉಲ್ಲೇಖಗಳೂ ಸೇರಿವೆ. ತಮ್ಮ ಪತ್ರ ಹೀಗೆ ಬಳಕೆಯಾದುದಕ್ಕೆ ಜಿಕ್ ಮುಂದೆ ನೊಂದು ಮಾತನಾಡಿದರು. ತಪ್ಪು ಅವರದಲ್ಲ, ಓದದೆ ಉಲ್ಲೇಖಿಸಿದವರದು.

ಇದರ ಎದುರಿಗೆ ವೈದ್ಯ ದಿಲೀಪ್ ಮಹಲನಬಿಸ್ ಅವರ ಕೆಲಸವನ್ನು ಇಟ್ಟು ನೋಡಬೇಕು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 30ರ ಸುಮಾರಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಪ್ರಬಂಧ 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಂದು ಅಂಗನವಾಡಿ ಕಾರ್ಯಕರ್ತೆ ಭೇದಿಯಾದ ಮಗುವಿನ ತಾಯಿಗೆ ಓಆರ್‌ಎಸ್ ಪೊಟ್ಟಣ ಕೊಟ್ಟು ಕಲಸುವ ಕ್ರಮ ಹೇಳುವಾಗ ಯಾವ ದತ್ತಾಂಶ ಸಂಗ್ರಹದಲ್ಲೂ ಒಂದು ಉಲ್ಲೇಖ ಜಮೆಯಾಗುವುದಿಲ್ಲ. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಘೋಷಣೆಯಾದದ್ದು ಮರಣಾನಂತರ, 2023ರಲ್ಲಿ.

ಶಂಭುನಾಥ ಡೇ ಅವರಿಗೆ ಅದೂ ಇಲ್ಲ. ನೊಬೆಲ್ ವಿಜೇತ ಜೀವವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಬಾರಿ ಡೇ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದರು. ಕಾಲರಾ ಕುರಿತು 1978ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ನೊಬೆಲ್ ವಿಚಾರಸಂಕಿರಣಕ್ಕೆ ಡೇ ಅವರನ್ನು ಕರೆಸಿಕೊಂಡರು. ಅರವತ್ತರ ದಶಕದ ಆರಂಭದಲ್ಲೇ ಸತ್ತುಹೋಗಿದ್ದ ತನ್ನನ್ನು ಸಂಕಿರಣದವರು ಹೂತಲ್ಲಿಂದ ಎತ್ತಿ ತಂದರು, ಮತ್ತೆ ಜೀವ ಬಂದಂತಾಗಿದೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರು ಬದುಕಿದ್ದಾಗ ಅವರನ್ನು ಸದಸ್ಯರನ್ನಾಗಿ ಆರಿಸಿಕೊಳ್ಳಲಿಲ್ಲ, ದೊಡ್ಡ ಪ್ರಶಸ್ತಿಯೂ ಬರಲಿಲ್ಲ. ಈ ಲೋಪವನ್ನು ನೇರವಾಗಿ ಎತ್ತಿ ಆಡಿದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ. 1990ರಲ್ಲಿ ಅದು ಡೇ ಅವರಿಗಾಗಿಯೇ ಒಂದು ವಿಶೇಷ ಸಂಚಿಕೆ ತಂದಿತು.

ಡೇ ಅವರ ವಿಷಯದಲ್ಲಿ ಅಂಕಿ ನ್ಯಾಯವನ್ನೇ ಹೇಳಿತು, ಆದರೆ ತಡವಾಗಿ. ಕೆಲಸವನ್ನು ಓದಿ ತೂಗಬಲ್ಲ ಜನ ಅವರ ಸುತ್ತಲೇ ಇದ್ದರು, ಅವರು ಓದಲಿಲ್ಲ. ಕೊರತೆಯಾದದ್ದು ಓದಿನದು, ಅಳತೆಗೋಲಿನದಲ್ಲ.

ಈಗ ಪರಿಸ್ಥಿತಿ ಇನ್ನೊಂದು ತುದಿಗೆ ಹೋಗಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿ ಬೇಕಾದರೆ ಪ್ರಬಂಧ ಪ್ರಕಟವಾಗಿರಬೇಕೆಂಬ ನಿಯಮ ಬಂದ ಮೇಲೆ, ದುಡ್ಡು ಕಟ್ಟಿದರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್ಲುಗಳು ನಾಯಿಕೊಡೆಗಳಂತೆ ಎದ್ದವು. ದೇಶದ 579 ವೈದ್ಯಕೀಯ ಸಂಸ್ಥೆಗಳನ್ನು ಪರಿಶೀಲಿಸಿದ 2016ರ ಅಧ್ಯಯನವೊಂದರ ಪ್ರಕಾರ 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ 332 ಸಂಸ್ಥೆಗಳಿಂದ ಒಂದೂ ಪ್ರಬಂಧ ಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪ್ರಬಂಧ ಕೊಟ್ಟವು ಬರೀ 25. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ವೈದ್ಯರಿಗೆ ಸಂಶೋಧನೆಗೆ ಸಮಯವನ್ನಾಗಲಿ, ನೆರವನ್ನಾಗಲಿ ಕೊಡದೆ ಪ್ರಬಂಧದ ಸಂಖ್ಯೆ ಕೇಳಿದರೆ ಸಿಗುವುದು ಸಂಖ್ಯೆ ಮಾತ್ರ.

ಅಳತೆಗಳನ್ನು ಸುಧಾರಿಸುವ ಪ್ರಯತ್ನಗಳೂ ನಡೆದಿವೆ. ಸ್ಟ್ಯಾನ್‌ಫರ್ಡ್‌ನ ವೈದ್ಯ ವಿಜ್ಞಾನಿ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಿಂದ ಪ್ರಕಟಿಸುತ್ತಿರುವ ಪಟ್ಟಿ ಅಂಥದೊಂದು. ಒಂದೇ ಅಂಕಿಯ ಬದಲು ಆರು ಅಳತೆಗಳನ್ನು ಕೂಡಿಸುತ್ತದೆ. ನೂರಾರು ಲೇಖಕರ ಗುಂಪಿನಲ್ಲಿ ಒಬ್ಬರಾಗಿದ್ದವರಿಗೂ ಮೊದಲ ಇಲ್ಲವೇ ಕೊನೆಯ ಲೇಖಕರಾಗಿ ಹೊಣೆ ಹೊತ್ತವರಿಗೂ ವ್ಯತ್ಯಾಸ ಮಾಡುತ್ತದೆ. ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದೂ ತೋರಿಸುತ್ತದೆ. ಹಿಂತೆಗೆತವಾದ ಪ್ರಬಂಧಗಳ ಮಾಹಿತಿಯೂ ಈಚಿನ ಆವೃತ್ತಿಗಳಲ್ಲಿದೆ. ಆಯಾ ಉಪವಿಷಯದ ಅಗ್ರ ಶೇ 2ರೊಳಗೆ ಬಂದವರು ಇದರಲ್ಲಿರುತ್ತಾರೆ. ಜೀವಮಾನದ ಕೆಲಸಕ್ಕೆ ಒಂದು ಪಟ್ಟಿ, ಒಂದು ವರ್ಷದ ಕೆಲಸಕ್ಕೆ ಇನ್ನೊಂದು. ನಮ್ಮ ಪತ್ರಿಕೆಗಳಲ್ಲಿ ಪ್ರತಿವರ್ಷ ‘ವಿಶ್ವದ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು’ ಎಂದು ಫೋಟೊ ಸಮೇತ ಬರುವ ಸುದ್ದಿ ಈ ಪಟ್ಟಿಯದೇ. ಎರಡರಲ್ಲಿ ಯಾವ ಪಟ್ಟಿ ಎಂಬುದನ್ನು ಆ ಸುದ್ದಿ ಹೆಚ್ಚಾಗಿ ಹೇಳುವುದಿಲ್ಲ.

2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ರೂಪಿಸಿದ ‘ಡೋರಾ’ ಘೋಷಣೆ ನೇಮಕಾತಿ, ಬಡ್ತಿ, ಅನುದಾನಗಳಲ್ಲಿ ಜರ್ನಲ್ಲಿನ ಅಂಕಿಯನ್ನು ನೋಡಬೇಡಿ, ಪ್ರಬಂಧದಲ್ಲಿ ಏನಿದೆ ನೋಡಿ ಎಂದು ಕೇಳಿಕೊಂಡಿದೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಆಯ್ಕೆ ಸಮಿತಿಗಳು ಇದನ್ನು ಮನಸ್ಸಿಟ್ಟು ಪಾಲಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಪ್ರಬಂಧಗಳನ್ನು ಆರಿಸಿ ಕೊಡಲಿ. ಸಮಿತಿಯ ಸದಸ್ಯರು ಸಂದರ್ಶನಕ್ಕೆ ಮೊದಲು ಅವನ್ನು ಪೂರ್ತಿ ಓದಿಕೊಂಡು ಬರಲಿ. ಪತ್ರಿಕೆ ಓದುವವರೂ ಮುಂದೊಂದು ದಿನ ತಮ್ಮ ಊರಿನ ವೈದ್ಯ ವಿಜ್ಞಾನಿಯ ಫೋಟೊ ಕಂಡಾಗ ಆ ಶೇಕಡಾವಾರಿಗೆ ನಿಲ್ಲದೆ, ಇವರು ಕಂಡುಹಿಡಿದದ್ದೇನು, ಅದು ಯಾವ ರೋಗಿಗೆ ನೆರವಾಯಿತು ಎಂದು ಸಂಪಾದಕರಿಗೆ ಎರಡು ಸಾಲು ಬರೆದು ಕೇಳಬೇಕು.